ಪಾಸ್ ಮಾಡಿದ ಬಣ್ಣ

ಮೇಸ್ತ್ರಿ ಚಮಚದಿಂದ ಒಂದು ಹನಿ ರಸವನ್ನು ಬಿಳಿ ಹಾಳೆಯ ಮೇಲೆ ಬಿಟ್ಟು, ಹೆಬ್ಬೆರಳಿನಿಂದ ಸವರಿ, ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದ. ಅಡುಗೆಮನೆಯ ಕಟ್ಟೆಯ ಮೇಲೆ ಅಂಥ ಏಳು ಹಾಳೆಗಳು ಆಗಲೇ ಸಾಲಾಗಿ ಒಣಗುತ್ತಿದ್ದವು. ಒಲೆಯ ಮೇಲಿನ ಪಾತ್ರೆಯಲ್ಲಿ ಸಿಹಿಗುಂಬಳ, ಕ್ಯಾರೆಟ್, ಕಡಲೆಕಾಳು, ಟೊಮೆಟೊ, ಒಣ ಜರ್ದಾಳು ಎಲ್ಲ ಸೇರಿ ಕೊತಕೊತ ಕುದಿಯುತ್ತಿದ್ದವು. ಜೀರಿಗೆ, ಶುಂಠಿ, ಚಕ್ಕೆಗಳ ಘಮ ಹೊರಗಿನ ಮೆಟ್ಟಿಲವರೆಗೂ ಹೋಗಿತ್ತು. ಮೇಸ್ತ್ರಿಗೆ ಅದರ ಪರಿವೆಯೇ ಇಲ್ಲ. ಮೂಗು ಇರುವುದು ಕನ್ನಡಕ ಕೂರಿಸುವುದಕ್ಕೆ ಎಂದು ನಂಬಿದ್ದ ಮನುಷ್ಯ ಅವನು.

"ಕೆಂಪು ಜಾಸ್ತಿ. ಹಳದೀನೂ ಜಾಸ್ತಿ," ಎಂದು ತನಗೆ ತಾನೇ ಹೇಳಿಕೊಂಡ. "ಅವಳು ಮಾಡಿದ ತಪ್ಪೇ ಇದು."

ಫ್ರಿಜ್ಜಿನ ಬಾಗಿಲಿಗೆ, ಕಿಟಕಿಗೆ ಎದುರಾಗಿ, ಪತ್ರಿಕೆಯೊಂದರ ಪುಟ ಅಂಟಿಸಿತ್ತು. 'ಮೊರೊಕ್ಕೊ ಶೈಲಿಯ ತರಕಾರಿ ಸ್ಟ್ಯೂ' ಎಂಬ ತಲೆಬರಹ, ಅದರ ಕೆಳಗೆ ಅರ್ಧ ಪುಟದಷ್ಟು ದೊಡ್ಡ ಚಿತ್ರ, ಆಮೇಲೆ ಮಾಡುವ ವಿಧಾನ. ಎರಡು ವರ್ಷದ ಹಿಂದೆ ಹೆಂಡತಿ ಹರಿದು ಅಂಟಿಸಿದ್ದಳು. ಆ ಪತ್ರಿಕೆ ಅಚ್ಚಾಗುವುದು ಮೇಸ್ತ್ರಿ ಕೆಲಸ ಮಾಡುವ ಪ್ರೆಸ್ಸಿನಲ್ಲೇ. ಆ ಚಿತ್ರದ ಹಾಳೆಯನ್ನು ದೀಪದ ಕೆಳಗೆ ಹಿಡಿದು, ಮೂಲೆಯಲ್ಲಿ 'ಪಾಸ್' ಎಂದು ಬರೆದು ರುಜು ಹಾಕಿದವನೂ ಅವನೇ. ಅವನ ಮಟ್ಟಿಗೆ ಆ ಸ್ಟ್ಯೂ ಯಾವ ದೇಶದವರದ್ದೂ ಅಲ್ಲ, ತನ್ನದು.

ಇಪ್ಪತ್ತಾರು ವರ್ಷ ಅವನು ಪ್ರೆಸ್ಸಿನ ಬಣ್ಣದ ಮೇಸ್ತ್ರಿ. ಅಲ್ಲಿಯವರು ಬೆನ್ನ ಹಿಂದೆ ಅವನನ್ನು ಕರೆಯುತ್ತಿದ್ದುದು 'ಭೂತಗನ್ನಡಿ' ಎಂದು. ಕೂದಲೆಳೆಯಷ್ಟು ನೀಲಿ ಹೆಚ್ಚಾದರೂ ಅವನ ಕಣ್ಣಿಗೆ ಬೀಳುತ್ತಿತ್ತು, ಇದನ್ನು ಒಪ್ಪಲೇಬೇಕು. ತೊಂದರೆ ಏನೆಂದರೆ ಆ ಕಣ್ಣನ್ನು ಅವನು ಸಂಜೆ ಮನೆಗೂ ಹೊತ್ತು ತರುತ್ತಿದ್ದ. ಹೆಂಡತಿ ಪರದೆ ತಂದರೆ ಅದು ಮಾಸಲು, ಪಕ್ಕದ ಮನೆಯವರು ಬಾಗಿಲಿಗೆ ಬಣ್ಣ ಬಳಿಸಿದರೆ ಅವರಿಗೆ ಕಣ್ಣಿಲ್ಲ. ಸತ್ತವರ ಮನೆಗೆ ಹೋದರೂ ಗೋಡೆಗೆ ಎರಡು ಬೇರೆ ಡಬ್ಬಿಯ ಬಣ್ಣ ಹಾಕಿದ್ದಾರೆಂದು ಹೇಳಿ ಬರುತ್ತಿದ್ದ. ಲೋಕದಲ್ಲಿ ನೋಡಲು ಬಲ್ಲವನು ತಾನೊಬ್ಬನೇ, ಮಿಕ್ಕವರೆಲ್ಲ ತಡಕಾಡಿಕೊಂಡು ಬದುಕುತ್ತಿದ್ದಾರೆ ಎಂಬ ಮರುಕವೊಂದು ಅವನ ಮುಖದ ಮೇಲೆ ಸದಾ ಇರುತ್ತಿತ್ತು. ಆ ಮರುಕದ ಎದುರಿಗೆ ಇಪ್ಪತ್ತು ವರ್ಷ ಕೂತು ಊಟ ಮಾಡಿದವಳು ಹೆಂಡತಿ.

ಮೂರು ವಾರದ ಹಿಂದೆ ಪ್ರೆಸ್ಸಿನ ಮಾಲೀಕರು ತಮ್ಮ ಹೆಂಡತಿಯ ಜೊತೆ ಊಟಕ್ಕೆ ಬಂದಿದ್ದರು. ಮೇಸ್ತ್ರಿಯ ಹೆಂಡತಿ ಬೆಳಗಿನಿಂದ ನಿಂತು ಇದೇ ಸ್ಟ್ಯೂ ಮಾಡಿದ್ದಳು. ಮೇಸ್ತ್ರಿ ಮುಚ್ಚಳ ತೆಗೆದು ನೋಡಿದ, ಫ್ರಿಜ್ಜಿನ ಕಡೆ ನೋಡಿದ, ಮತ್ತೆ ಪಾತ್ರೆ ನೋಡಿದ. "ಇದೇನಿದು? ಚಿತ್ರದಲ್ಲಿ ಹೀಗಿದೆಯಾ? ಇದನ್ನ ಯಾರು ತಿಂತಾರೆ?" ಎಂದವನೇ ಅತಿಥಿಗಳು ನೋಡುತ್ತಿದ್ದ ಹಾಗೆ ಪಾತ್ರೆ ಎತ್ತಿ ಅಷ್ಟನ್ನೂ ಕಸದ ಬುಟ್ಟಿಗೆ ಸುರಿದ. ಆಮೇಲೆ ಹೋಟೆಲಿಗೆ ಫೋನ್ ಮಾಡಿ ತರಿಸಿದ. ಮಾಲೀಕರು ಆ ತಣ್ಣಗಿನ ಊಟವನ್ನು ಚೆನ್ನಾಗಿದೆ ಚೆನ್ನಾಗಿದೆ ಎಂದು ತಿಂದರು. ಎದುರಿಗಿರುವ ಹೆಂಗಸಿನ ಮುಖ ನೋಡುವುದಕ್ಕಿಂತ ತಟ್ಟೆ ನೋಡುವುದು ಅವರಿಗೂ ಸುಲಭವಾಗಿತ್ತು. ಮರುದಿನ ಬೆಳಿಗ್ಗೆ ಅವಳು ಅಕ್ಕನ ಮನೆಗೆ ಹೊರಟುಹೋದಳು.

ಮೊದಲ ವಾರ ಮೇಸ್ತ್ರಿ, ಬರದೆ ಎಲ್ಲಿ ಹೋಗ್ತಾಳೆ ಎಂದುಕೊಂಡ. ಎರಡನೆಯ ವಾರ ಬ್ರೆಡ್ಡು, ಬಾಳೆಹಣ್ಣು ತಿಂದುಕೊಂಡು, ಹಾಸಿಗೆಯ ತನ್ನ ಅರ್ಧದಲ್ಲೇ ಮುದುಡಿ ಮಲಗಿದ. ಮೂರನೆಯ ವಾರ ಊಟವೇ ಸೇರದಾಯಿತು. ಅವಳು ವಾಪಸ್ ಬರಬೇಕು ಎಂದು ಅವನಿಗೆ ನಿಜಕ್ಕೂ ಅನಿಸಿತ್ತು, ತುಂಬ ಅನಿಸಿತ್ತು. ಆದರೆ ತನ್ನ ತಪ್ಪು ತಿಳಿದುಕೊಂಡು ಬರಬೇಕು. ಎರಡೂ ಒಟ್ಟಿಗೇ ಆಗಬೇಕಿತ್ತು ಅವನಿಗೆ.

ಗುರುವಾರ ಫೋನ್ ಮಾಡಿದ.

"ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ. ಆ ಸ್ಟ್ಯೂ ನಾನೇ ಮಾಡ್ತೀನಿ."

"ನೀವಾ?" ಎಂದಳು ಹೆಂಡತಿ.

"ನಾನೇ. ಒಂದ್ಸಲ ಬಂದು ನೋಡು."

"ಬರ್ತೀನಿ," ಎಂದಳು. ಅವಳ ದನಿ ಮೆತ್ತಗಾಗಿತ್ತು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಸೌಟು ಮುಟ್ಟದ ಗಂಡ ಒಲೆ ಹಚ್ಚುತ್ತೇನೆ ಎಂದರೆ ಯಾವ ಹೆಂಗಸಾದರೂ ಏನೆಂದು ತಿಳಿಯುತ್ತಾಳೆ? ಕ್ಷಮೆ ಕೇಳಲು ಬಾಯಿ ಬರದವನು ಕೈಯಲ್ಲಿ ಕೇಳುತ್ತಿದ್ದಾನೆ ಎಂದು ಅವಳು ತಿಳಿದಳು. ಮೇಸ್ತ್ರಿ ಫೋನ್ ಕೆಳಗಿಟ್ಟು, ಈಗ ಗೊತ್ತಾಗುತ್ತೆ ಇವಳಿಗೆ, ಎಂದುಕೊಂಡ.

ಈಗ ಪಾತ್ರೆಯಲ್ಲಿದ್ದದ್ದು ಹೊನ್ನಿನ ಬಣ್ಣದ, ಅಂಚಿನಲ್ಲಿ ಕೆಂಪು ಎಣ್ಣೆ ತೇಲುವ ಒಳ್ಳೆಯ ಸ್ಟ್ಯೂ. ಬರೆದಿದ್ದಂತೆ ಅಳೆದು ಹಾಕಿದ್ದರಿಂದ ತಾನಾಗಿಯೇ ಸರಿಯಾಗಿತ್ತು. ಇನ್ನೊಬ್ಬನಾಗಿದ್ದರೆ ಒಲೆ ಆರಿಸಿ ಒಂದು ತುತ್ತು ಬಾಯಿಗೆ ಹಾಕಿಕೊಂಡು ಕೂರುತ್ತಿದ್ದ. ಮೇಸ್ತ್ರಿ ಫ್ರಿಜ್ಜಿನಿಂದ ಪುಟ ಕಿತ್ತು ತಂದು ಹಾಳೆಗಳ ಪಕ್ಕದಲ್ಲಿಟ್ಟ. ಚಿತ್ರದಲ್ಲಿದ್ದದ್ದು ಮಂಕು ಕಂದು, ಅದರ ಒಳಗೊಂದು ಹಸಿರು ಛಾಯೆ. ಪಾತ್ರೆಯಲ್ಲಿದ್ದದ್ದು ಅದಲ್ಲ. ಅಂದಮೇಲೆ ತಪ್ಪು ಪಾತ್ರೆಯದೇ.

ಕೆಂಪು ಹೆಚ್ಚಾದರೆ ಅದನ್ನು ಕೊಲ್ಲುವುದು ಹಸಿರು. ಪ್ರೆಸ್ಸಿನಲ್ಲಾದರೆ ನೀಲಿ ಶಾಯಿಯ ತಿರುಪನ್ನು ಸ್ವಲ್ಪ ತಿರುಗಿಸಿದರೆ ಮುಗಿಯಿತು. ಇಲ್ಲಿ ನೀಲಿ ಎಲ್ಲಿಂದ ತರುವುದು? ಹಿಂದಿನ ದಿನ ತಂದಿಟ್ಟಿದ್ದ ಪಾಲಕ್ ಸೊಪ್ಪನ್ನು ರುಬ್ಬಿ, ಸೋಸಿ, ಔಷಧಿ ಕುಡಿಸುವ ಚಮಚದಲ್ಲಿ ಅಳೆದು ಸುರಿದ. ಹಾಳೆಯ ಮೇಲೆ ಸವರಿ ನೋಡಿದ. ಕೆಂಪು ಇಳಿದಿತ್ತು, ಹಳದಿ ಇನ್ನೂ ಹಟ ಹಿಡಿದಿತ್ತು. ಈರುಳ್ಳಿಯನ್ನು ಕರಿಕಲಾಗುವವರೆಗೆ ಹುರಿದು ಅರೆದು ಹಾಕಿದ. ಸಾಲದು ಎಂದು ಕಾಳುಮೆಣಸಿನ ಪುಡಿ ಹಾಕಿದ. ಮೂರು ಚಮಚ, ಆಮೇಲೆ ಇನ್ನೊಂದೂವರೆ. ಬಿಸಿ ರಸದಲ್ಲಿ ಅದ್ದಿ ಅದ್ದಿ ಹೆಬ್ಬೆರಳು ಬೊಬ್ಬೆ ಎದ್ದಿತು. ಘಮ ಹೋಗಿ ಮನೆಯಲ್ಲಿ ಸುಟ್ಟ ವಾಸನೆ ತುಂಬಿಕೊಂಡಿತು. ಒಂದೇ ಒಂದು ಸಲವೂ ಅವನು ರುಚಿ ನೋಡಲಿಲ್ಲ.

ಹತ್ತೊಂಬತ್ತನೆಯ ಹಾಳೆ ಚಿತ್ರಕ್ಕೆ ಪಕ್ಕಾ ಹೊಂದಿತು. ಮೇಸ್ತ್ರಿ ಬೆನ್ನು ನೆಟ್ಟಗೆ ಮಾಡಿ, ಪೆನ್ಸಿಲ್ ತೆಗೆದುಕೊಂಡು, ಹಾಳೆಯ ಮೂಲೆಯಲ್ಲಿ 'ಪಾಸ್' ಎಂದು ಬರೆದು ರುಜು ಹಾಕಿದ. ನೋಡುವವರು ಯಾರೂ ಇಲ್ಲದ ಅಡುಗೆಮನೆಯಲ್ಲಿ ಒಬ್ಬನೇ ನಿಂತು ರುಜು ಹಾಕಿದ.

ಒಂದು ಗಂಟೆಗೆ ಕರೆಗಂಟೆ ಸದ್ದಾಯಿತು. ಹೆಂಡತಿಯ ಜೊತೆ ಅವಳ ಅಕ್ಕನೂ ಬಂದಿದ್ದಳು. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಯಾರನ್ನು ಕಂಡರೂ ಈಗ ಸೂಜಿ ಚುಚ್ಚುತ್ತೇನೆ ಎನ್ನುವಂತೆ ಮಾತಾಡುವವಳು, ಮೇಸ್ತ್ರಿಯನ್ನು ಕಂಡರಂತೂ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹೆಂಡತಿ ಒಳಗೆ ಬಂದು ಅವನ ಸೊಂಟಕ್ಕೆ ಸುತ್ತಿದ್ದ ತನ್ನ ಏಪ್ರನ್ ನೋಡಿದಳು, ಗೋಡೆಗೆ ಹಾರಿದ ಕಲೆ ನೋಡಿದಳು. ಅವಳ ತುಟಿಯ ಮೇಲೆ ನಗು ಬಂತು.

"ಕೈ ಸುಟ್ಕೊಂಡ್ರಾ?"

"ಏನಿಲ್ಲ."

"ಎಲ್ಲಿ, ತೋರ್ಸಿ." ಅವನ ಬೆರಳು ಹಿಡಿದು ನಲ್ಲಿಯ ಕೆಳಗೆ ಹಿಡಿದಳು. ಮೂರು ವಾರದ ಮೇಲೆ ಅವಳ ಕೈ ತಾಗಿತ್ತು, ಉರಿ ಆರಿದ ಮೇಲೂ ಮೇಸ್ತ್ರಿ ಬೆರಳು ಎಳೆದುಕೊಳ್ಳಲಿಲ್ಲ. ಆ ಗಳಿಗೆಯಲ್ಲಿ ಅವನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಬೇರೇನೂ ಬೇಕಿರಲಿಲ್ಲ.

"ಬಾ, ಕೂತ್ಕೋ. ಬಣ್ಣ ಅಂದ್ರೆ ಏನು ಅಂತ ನೋಡು," ಎಂದ.

ಮೂರು ತಟ್ಟೆಗೆ ಬಡಿಸಿ, ಪತ್ರಿಕೆಯ ಪುಟವನ್ನು ತಂದು ಹೆಂಡತಿಯ ತಟ್ಟೆಗೆ ತಾಗಿಸಿ ಇಟ್ಟ. "ಅವತ್ತು ನೀನು ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸ ಕಾಣುತ್ತಾ? ಅದು ಕೆಂಪಗೆ, ಹಳದಿಯಾಗಿ, ಸರ್ಕಸ್ ಥರ ಇತ್ತು. ಇದು ನಾನು ಪಾಸ್ ಮಾಡಿದ ಬಣ್ಣ. ಕಣ್ಣಿಟ್ಟು ಮಾಡಿದ್ರೆ ಬರುತ್ತೆ, ಬರಲ್ಲ ಅನ್ನೋದು ಸೋಮಾರಿತನ."

ಹೆಂಡತಿಯ ನಗು ನಿಧಾನವಾಗಿ ಹೋಯಿತು. ತನ್ನನ್ನು ಕರೆದದ್ದು ಯಾಕೆಂದು ಅವಳಿಗೆ ಈಗ ಅರ್ಥವಾಯಿತು. ಆದರೂ ಚಮಚ ಎತ್ತಿ ಬಾಯಿಗಿಟ್ಟಳು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ನೀರು ಕುಡಿದು ಇನ್ನೊಂದು ಚಮಚ ತಿಂದಳು.

"ಅಲ್ಲಾ, ನೀವು ರುಚಿ ನೋಡಿದ್ರಾ?" ಎಂದು ಅಕ್ಕ ಕೇಳಿದಳು.

"ರುಚಿ ಆಮೇಲಿನ ಮಾತು. ಮೊದಲು ಕಣ್ಣು."

"ನಮ್ಮ ಆಸ್ಪತ್ರೇಲಿ ಇದನ್ನ ಹೊಟ್ಟೆ ತೊಳೆಯೋಕೆ ಕೊಡಬಹುದು."

"ಅಕ್ಕ, ಅದನ್ನ ಕೊಡು," ಎಂದಳು ಹೆಂಡತಿ.

"ತೋರಿಸಬೇಡ ಅಂದವಳು ನೀನೇ."

"ಈಗ ಕೊಡು."

ಅಕ್ಕ ಚೀಲದಿಂದ ಪತ್ರಿಕೆಯೊಂದನ್ನು ತೆಗೆದಳು. ಅದೇ ಪತ್ರಿಕೆ, ಅದೇ ಸಂಚಿಕೆ. ಮೇಸ್ತ್ರಿ ಪ್ರೆಸ್ಸಿನಿಂದ ಪ್ರತಿ ಸಲ ಎರಡು ಪ್ರತಿ ತರುತ್ತಿದ್ದ, ಒಂದು ಅಕ್ಕನ ಮನೆಗೆ ಹೋಗುತ್ತಿತ್ತು. ಎರಡು ವರ್ಷ ಅಲ್ಲಿ ಕಪಾಟಿನೊಳಗೆ ಮುಚ್ಚಿಕೊಂಡಿತ್ತು. ಹೆಂಡತಿ ಪುಟ ತೆರೆದು ಫ್ರಿಜ್ಜಿನ ಪುಟದ ಪಕ್ಕದಲ್ಲಿಟ್ಟಳು. ಅದರಲ್ಲಿದ್ದ ಸ್ಟ್ಯೂ ಹೊನ್ನಿನ ಬಣ್ಣದ್ದು, ಅಂಚಿನಲ್ಲಿ ಕೆಂಪು ಎಣ್ಣೆ.

ಮೇಸ್ತ್ರಿಗೆ ಭೂತಗನ್ನಡಿ ಬೇಕಾಗಲಿಲ್ಲ. ಕಣ್ಣು ಬಿದ್ದ ತಕ್ಷಣ ತಿಳಿಯಿತು. ಬಿಸಿಲಿಗಿಟ್ಟರೆ ಹಳದಿ ಮೊದಲು ಸಾಯುತ್ತೆ, ಆಮೇಲೆ ಕೆಂಪು, ನೀಲಿ, ಕಪ್ಪು ಮಾತ್ರ ಉಳಿಯುತ್ತವೆ ಎಂದು ಪ್ರೆಸ್ಸಿಗೆ ಬಂದ ಪ್ರತಿಯೊಬ್ಬ ಹೊಸಬನಿಗೂ ಮೊದಲ ದಿನ ಹೇಳಿಕೊಡುತ್ತಿದ್ದವನು ಅವನು. ಎರಡು ಬೇಸಿಗೆಯ ಎಳೆಬಿಸಿಲು ದಿನಾ ಬೆಳಿಗ್ಗೆ ಆ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಊರವರ ಶಾಯಿ ಮಾಸುವುದನ್ನು ಬಲ್ಲವನಿಗೆ ತನ್ನ ಶಾಯಿ ಮಾಸೀತೆಂದು ಹೊಳೆದಿರಲಿಲ್ಲ. ಅವಳು ಅವತ್ತು ಮಾಡಿದ್ದು ಸರಿಯಾಗಿತ್ತು. ಅದನ್ನು ಅವನು ಕಸಕ್ಕೆ ಸುರಿದಿದ್ದ. ಕಿವಿ ಬಿಸಿಯಾಯಿತು. ಮೈಯೆಲ್ಲ ನಾಚಿಕೆ ಹರಿಯಿತು.

ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನಿಗೆ ತಿಳಿದಿದೆ ಎಂಬುದು ಅವಳಿಗೂ ತಿಳಿಯಿತು. ಒಂದು ಮಾತು ಹೇಳಲಿ ಎಂದು ಕಾದಳು. ಅವನ ಕಣ್ಣು ಒಂದು ಪುಟದಿಂದ ಇನ್ನೊಂದಕ್ಕೆ ಓಡಾಡುವುದನ್ನು ಕಂಡು ಅವಳಿಗೇ ಪಾಪ ಅನಿಸಿತು.

"ಬಿಸಿಲಿಗೆ ಹೋಗಿದೆ ಅಷ್ಟೇ," ಎಂದಳು ಮೆಲ್ಲಗೆ. "ಬಿಡಿ. ಎಂಥವರ ಕಣ್ಣೂ ಒಂದೊಂದ್ಸಲ ತಪ್ಪುತ್ತೆ."

ಅವನನ್ನು ಉಳಿಸಲೆಂದೇ ಅವಳು ಆಡಿದ ಮಾತು ಅದು. ಅವನಿಗೆ ಚುಚ್ಚಿದ್ದೂ ಅದೇ. ಹಸಿವೆ, ಒಂಟಿತನ, ಮೂರು ವಾರದ ನಿದ್ದೆಗೇಡು ಎಲ್ಲವನ್ನೂ ತಡೆದುಕೊಂಡಿದ್ದ, ಇದನ್ನು ತಡೆಯಲಾಗಲಿಲ್ಲ.

"ಕಣ್ಣು ತಪ್ಪೋದೇನಿಲ್ಲ," ಎಂದ. ಅಕ್ಕನ ಪ್ರತಿಯನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ತುಟಿ ಸೊಟ್ಟ ಮಾಡಿದ. "ಇದು ಕೆಟ್ಟ ಕಾಪಿ. ಮಷೀನು ಶುರುವಾದಾಗ ಮೊದಲಿನ ಇನ್ನೂರು ಮುನ್ನೂರು ಹಾಳೆ ಹೀಗೇ ಬರೋದು. ಇಂಕು ಇನ್ನೂ ಕೂತಿರಲ್ಲ, ಹಳದಿ ಹರಿದುಬಿಡುತ್ತೆ. ಅವೆಲ್ಲ ರದ್ದಿಗೆ ಹಾಕೋದು. ಅಂಥದೊಂದು ನಿಮ್ಮಕ್ಕನ ಮನೆಗೆ ಹೋಗಿದೆ."

ಅಕ್ಕ ಚಮಚ ಕೆಳಗಿಟ್ಟಳು. "ಅಂದ್ರೆ ನಮ್ಮನೆಗೆ ನೀವು ಕೊಡ್ತಿದ್ದಿದ್ದು ರದ್ದಿನಾ?"

"ಎಲ್ಲಾ ಅಲ್ಲ. ಕೆಲವು ಇರಬಹುದು. ನಿಮಗೇನು, ಓದೋಕೆ ತಾನೆ?"

ಸುಳ್ಳೆಂದು ಮೂವರಿಗೂ ಗೊತ್ತಿತ್ತು. ಹೆಂಡತಿ ಗಂಡನನ್ನು ನೋಡಿದಳು. ಸಿಟ್ಟಿನಿಂದಲ್ಲ. ಮಷೀನಿನಿಂದ ಬಂದ ಕೆಟ್ಟ ಹಾಳೆಯನ್ನು ಪಕ್ಕಕ್ಕಿಡುವ ಮೊದಲು ಅವನು ಒಂದು ಕ್ಷಣ ನೋಡುತ್ತಾನಲ್ಲ, ಹಾಗೆ ನೋಡಿದಳು. ಇಪ್ಪತ್ತು ವರ್ಷದಲ್ಲಿ ಅವಳು ಅವನಿಗೆ ಹೆದರಿದ್ದಳು, ಮುನಿದಿದ್ದಳು, ಅವನಿಂದಾಗಿ ಅತ್ತಿದ್ದಳು. ಇವತ್ತು ಮೊದಲ ಬಾರಿಗೆ ಅವನು ಅವಳ ಕಣ್ಣಿಗೆ ಸಣ್ಣವನಾಗಿ ಕಂಡ. ತಟ್ಟೆಯನ್ನು ತೆಗೆದುಕೊಂಡು ಹೋಗಿ ತೊಳೆದು ಬೋರಲು ಹಾಕಿದಳು. ಕೈ ಒರೆಸಿಕೊಂಡಳು.

"ಹೊರಡೋಣ, ಅಕ್ಕ."

"ಈಗಲೇ?" ಎಂದ ಮೇಸ್ತ್ರಿ. "ಇನ್ನೂ ಊಟ ಆಗಿಲ್ಲ."

"ಹೊಟ್ಟೆ ತುಂಬಿತು."

"ಮತ್ತೆ ಯಾವತ್ತು ಬರ್ತೀಯ?"

ಅವಳು ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ಅಕ್ಕ ಬಾಗಿಲ ಬಳಿ ಒಮ್ಮೆ ತಿರುಗಿ, "ಆ ಪಾತ್ರೆ ನೆನೆಸಿಡಿ. ತಳ ಹತ್ತಿದೆ," ಎಂದು ಹೇಳಿ ಇಳಿದಳು.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಮುಗಿಯುವವರೆಗೆ ಮೇಸ್ತ್ರಿ ಅಲ್ಲೇ ನಿಂತ. ನಾಲ್ಕು ದಿನ ಹೋದರೆ ತಾನಾಗಿ ಸರಿಹೋಗುತ್ತದೆ, ಸುಮ್ಮನೆ ಊಟಕ್ಕೆ ಬಂದಿದ್ದಳು, ಊಟ ಮುಗಿಸಿ ಹೋದಳು, ಇದರಲ್ಲೇನಿದೆ ಎಂದು ತನಗೆ ತಾನೇ ಹೇಳಿಕೊಂಡು ಕಿಟಕಿಗೆ ಬಂದ.

ಕೆಳಗೆ ಇಬ್ಬರೂ ರಸ್ತೆಗೆ ಇಳಿಯದೆ ಕಟ್ಟಡದ ನೆಲಮಹಡಿಯ ಔಷಧಿ ಅಂಗಡಿಯ ಮುಂದೆ ನಿಂತಿದ್ದರು. ಅಂಗಡಿಯವನು ಕೌಂಟರಿನ ಒಳಗಿನಿಂದ, ಮೂರು ವಾರದ ಹಿಂದೆ ಅವಳು ಒಯ್ದಿದ್ದ, ಇವತ್ತು ಮೇಲೆ ಬರುವ ಮುಂಚೆ ಅಲ್ಲಿ ಇಟ್ಟಿದ್ದ ದೊಡ್ಡ ಸೂಟ್‌ಕೇಸನ್ನು ಎತ್ತಿ ಹೊರಗಿಟ್ಟ. ಆಮೇಲೆ ಮತ್ತೆ ಒಳಗೆ ಹೋಗಿ ಒಂದು ದಿಂಬು ತಂದುಕೊಟ್ಟ. ಬೇರೆಯವರ ದಿಂಬಿನ ಮೇಲೆ ಅವಳಿಗೆ ನಿದ್ದೆ ಬರುವುದಿಲ್ಲ, ಎಲ್ಲಿ ಇರುತ್ತಾಳೋ ಅಲ್ಲಿಗೆ ಅದನ್ನು ಒಯ್ಯುತ್ತಾಳೆ. ಅಕ್ಕ ಸೂಟ್‌ಕೇಸ್ ಎಳೆದುಕೊಂಡು ಮುಂದೆ ನಡೆದಳು. ಹೆಂಡತಿ ದಿಂಬನ್ನು ಎದೆಗವಚಿಕೊಂಡು ಹಿಂದೆ ಹೋದಳು. ಅದಕ್ಕೆ ಹೊಸ ಕವರು ಹಾಕಿದ್ದಳು. ಹಳದಿಯೋ ಬಿಳಿಯೋ, ಮೇಸ್ತ್ರಿಗೆ ಸರಿಯಾಗಿ ಕಾಣಿಸಲಿಲ್ಲ.