ನಮ್ಮಲ್ಲಿ ರೇಡಿಯೋ ಇಲ್ಲ

ನಾಗೇಶಬಾಬರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಊರಿಗೆ ಹೊಸ ಪೀಡೆ ಶುರುವಾಯಿತು. ಮೂವತ್ತೈದು ವರ್ಷ ಕೌಂಟರಿನ ಹಿಂದೆ ಕೂತು 'ನಾಳೆ ಬನ್ನಿ' ಎಂದವರಿಗೆ ಈಗ ದೇಶದ ದುಡ್ಡಿನ ಚಿಂತೆ. ಕಾರವಾರದಲ್ಲಿ 'ತೆರಿಗೆದಾರರ ಜಾಗೃತಿ ವೇದಿಕೆ' ಎಂದು ಬೋರ್ಡು ಬರೆಸಿದರು. ಅಧ್ಯಕ್ಷರು ತಾವೇ. ಸದಸ್ಯರು, ಸಂಜೆ ಅವರ ಜೊತೆ ಕಡಲ ದಂಡೆಯಲ್ಲಿ ವಾಕಿಂಗ್ ಮಾಡುವ ಆರು ಮಂದಿ. ಹೆದ್ದಾರಿಯ ಹೊಂಡ ಅವರ ಕಣ್ಣಿಗೆ ಬೀಳಲಿಲ್ಲ. ಅರ್ಧಕ್ಕೆ ನಿಂತ ಸೇತುವೆಯೂ ಬೀಳಲಿಲ್ಲ. ಬಿದ್ದದ್ದು ನಮ್ಮ ರೇಡಿಯೋ.

'ಕಾಳಿತೀರ ಬಾನುಲಿ' ಎಂದರೆ ಚಿತ್ತಾಕುಲದಲ್ಲಿ ಸರ್ಕಾರದ ಹಣದಿಂದ ನಡೆಯುವ ಪುಟ್ಟ ಕೇಂದ್ರ. ಹಂಚಿನ ಕಟ್ಟಡ, ಒಂದು ಟವರು, ಕೆಟ್ಟುಹೋದ ಎಸಿ. ದಿನವಿಡೀ ದೆಹಲಿಯಿಂದಲೋ ಬೆಂಗಳೂರಿನಿಂದಲೋ ಬಂದದ್ದನ್ನು ಹಾಗೆಹಾಗೇ ದಾಟಿಸುತ್ತೇವೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದು ತಾಸು ಮಾತ್ರ ನಮ್ಮದು, ಅಂದರೆ ನನ್ನದು. ನಾನು ವೀಣಾ, ಇಪ್ಪತ್ತೆರಡು ವರ್ಷದಿಂದ 'ತಾತ್ಕಾಲಿಕ' ಉದ್ಘೋಷಕಿ. ಈ ತಾತ್ಕಾಲಿಕದಲ್ಲೇ ನನ್ನ ಮದುವೆಯಾಯಿತು, ಎರಡು ಹೆರಿಗೆಯಾಯಿತು, ತಲೆ ನೆರೆಯಿತು. ಗಾಳಿಮಳೆಯ ಸುದ್ದಿ, ಗಂಗಾವಳಿಯಲ್ಲಿ ನೀರು ಎಷ್ಟು ಏರಿದೆ, ಭತ್ತಕ್ಕೆ ಯಾವ ರೋಗ ಬಂದಿದೆ, ಕೊನೆಗೆ ಕೇಳುಗರ ಮೆಚ್ಚಿನ ಹಾಡು.

ಮೆಚ್ಚಿನ ಹಾಡು ಅಂತ ಹೆಸರಿಗೆ. ಹಾಡು ಯಾರಿಗೆ ಬೇಕು? ಅವರಿಗೆ ಬೇಕಾದ್ದು ತಮ್ಮ ಹೆಸರು. ಒಂದು ಹಾಡಿಗೆ ಒಂದು ಕಾರ್ಡು, ಒಂದು ಕಾರ್ಡಿನಲ್ಲಿ ಮನೆಯವರೆಲ್ಲ. ಅಜ್ಜಿ, ಮೊಮ್ಮಗ, ಗಂಡನ ಮನೆಗೆ ಹೋದ ಮಗಳು, ಹೋದ ವರ್ಷ ತೀರಿಕೊಂಡ ದೊಡ್ಡಪ್ಪ, ಇನ್ನೂ ಹುಟ್ಟದ ಕೂಸು, ಕೊನೆಗೆ ಎಮ್ಮೆ. ಒಂದು ಹೆಸರು ಬಿಟ್ಟರೂ ಮುಂದಿನ ವಾರ ಬೈಗುಳದ ಕಾರ್ಡು ಬರುತ್ತದೆ. ಎಮ್ಮೆಯನ್ನು ಬಿಟ್ಟರಂತೂ ಎರಡು ಬರುತ್ತವೆ. ನಾನು ಸ್ಟುಡಿಯೋದಲ್ಲಿ ನಗುತ್ತಿದ್ದೆ, ಆದರೆ ಒಂದು ಹೆಸರನ್ನೂ ಬಿಡದೆ ಓದುತ್ತಿದ್ದೆ.

'ನಮ್ಮ ತೆರಿಗೆಯಲ್ಲಿ ಎಮ್ಮೆಯ ಹೆಸರು ಓದಿಸುವುದೇಕೆ?' ಎಂದು ನಾಗೇಶಬಾಬರು ದೆಹಲಿಗೆ ಬರೆದರು. ಎಸಿ ರಿಪೇರಿ ಮಾಡಿಸಿ ಎಂದು ನಾವು ಬರೆದ ಕಾಗದಕ್ಕೆ ಆರು ವರ್ಷವಾದರೂ ಉತ್ತರವಿಲ್ಲ. ಅವರಿಗೆ ಮೂರೇ ವಾರದಲ್ಲಿ ಬಂತು. ಅಂಕೋಲೆ ಕಡೆಯ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಬೇಕು, ನೂರರಲ್ಲಿ ಇಪ್ಪತ್ತು ಮನೆಯವರಾದರೂ 'ಕೇಳುತ್ತೇವೆ' ಎಂದರೆ ನಮ್ಮ ತಾಸು ಉಳಿಯುತ್ತದೆ, ಇಲ್ಲದಿದ್ದರೆ ಒಂದನೇ ತಾರೀಖಿನಿಂದ ಅದೂ ಬೆಂಗಳೂರಿನದೇ. ಹೀಗೆಂದು ಆದೇಶ.

ನನಗೆ ಚಿಂತೆಯೇ ಆಗಲಿಲ್ಲ. ಇಪ್ಪತ್ತೇಕೆ, ಎಂಬತ್ತು ಬರುತ್ತದೆ ಎಂದುಕೊಂಡೆ. ವಾರಕ್ಕೆ ಒಂದು ಚೀಲ ಕಾರ್ಡು ಬರುವುದು ಆ ಕಡೆಯಿಂದಲೇ.

ಸಮೀಕ್ಷೆಗೆ ಗುತ್ತಿಗೆ ಹಿಡಿದ ಕಂಪನಿಯಿಂದ ಕಿಶನ ಎಂಬ ನಡುವಯಸ್ಸಿನವರೊಬ್ಬರು ಬಂದರು. ನಾಗೇಶಬಾಬರು ವೀಕ್ಷಕರು. ದಾರಿ ತೋರಿಸಲು ನಾನು. ಆದರೆ ನನಗೊಂದು ಷರತ್ತು: ಮನೆಗಳಲ್ಲಿ ಬಾಯಿ ಬಿಡುವಂತಿಲ್ಲ.

"ನಿಮ್ಮ ದನಿ ಗುರ್ತಾದ್ರೆ ಉತ್ತರ ಕೆಡ್ತದೆ ಬಾಯಿ," ಎಂದರು ಕಿಶನ. ಅಕ್ಕ ಎನ್ನುವುದಕ್ಕೆ ನಮ್ಮ ಕಡೆ 'ಬಾಯಿ'. "ವಿವರಣೆ ಕೊಡಬಾರ್ದು, ಸುಳಿವು ಕೊಡಬಾರ್ದು. ರೂಲ್ಸು."

ಮಾತೇ ಕಸುಬಾದವಳನ್ನು ಮೂಕಿ ಮಾಡಿ ಜೀಪು ಹತ್ತಿಸಿದರು. ಜೀಪಿನ ಮುಂದೆ 'ಭಾರತ ಸರ್ಕಾರದ ಸೇವೆಯಲ್ಲಿ' ಎಂದು ದೊಡ್ಡ ಬೋರ್ಡು.

ಅಂಕೋಲೆ ದಾಟಿ ಯಲ್ಲಾಪುರದ ರಸ್ತೆ ಹಿಡಿದ ಮೇಲೆ ನಾಗೇಶಬಾಬರು ಬಾಯಿ ತೆರೆದರು. "ನೋಡು ವೀಣಾ, ಸಿಟ್ಟು ಮಾಡ್ಕಳ್ಬೇಡ. ಇಲ್ಲಿ ಯಾರೂ ತೆರಿಗೆ ಕಟ್ಟೂದಿಲ್ಲ. ಕಟ್ಟೂದು ನಾವು, ಕೇಳೂದು ಇವ್ರು."

"ಸೋಪಿಗೆ ಕಟ್ತಾರೆ, ಚಪ್ಪಲಿಗೆ ಕಟ್ತಾರೆ, ಛತ್ರಿಗೆ ಕಟ್ತಾರಲ್ಲಾ ಬಾಬ?"

"ಅದು ಬೇರೆ."

ಅದು ಯಾವಾಗಲೂ ಬೇರೆಯೇ. ತನ್ನ ಪಿಂಚಣಿ ಬೇರೆ, ತನ್ನ ಗ್ಯಾಸ್ ಸಿಲಿಂಡರ್ ಬೇರೆ, ಪುಕ್ಕಟೆ ಹತ್ತಿದ ಈ ಜೀಪಿನ ಡೀಸೆಲ್ಲೂ ಬೇರೆ. ಹಾಗೆಂದು ಅವರು ಹೇಳುವುದೆಲ್ಲ ಸುಳ್ಳು ಎನ್ನಲಾರೆ. ಮಂತ್ರಿಗಳ ಭಾಷಣ, ಯೋಜನೆಗಳ ಗುಣಗಾನ, ಅದರ ಮೇಲೆ ಆ ಗುಣಗಾನದ ಮರುಪ್ರಸಾರ. ಆ ಇಪ್ಪತ್ತಮೂರು ತಾಸನ್ನು ಮುಚ್ಚಿಸಿದ್ದರೆ ನಾನೇ ಅವರಿಗೆ ಹಾರ ಹಾಕುತ್ತಿದ್ದೆ. ಮುಚ್ಚಲು ಹೊರಟದ್ದು ಉಳಿದ ಒಂದನ್ನು!

ಮೊದಲ ಊರಿನಲ್ಲಿ ಹನ್ನೊಂದು ಮನೆ. ಕಿಶನ ಕಾಗದ ಬಿಡಿಸಿ ಕೇಳಿದರು, "ಮನೆಯಲ್ಲಿ ರೇಡಿಯೋ ಇದೆಯೇ?" ಹನ್ನೊಂದೂ ಮನೆಯವರು 'ಇಲ್ಲ' ಎಂದರು. ಎರಡನೇ ಊರಲ್ಲೂ ಅದೇ. ಜಟ್ಟು ಎಂಬವ, ವಾರಕ್ಕೆ ಮೂರು ಕಾರ್ಡು ಹಾಕುವ ಮಹಾರಾಯ, ಗೋಡೆಗೆ ಒರಗಿ ಅಮಾಯಕನಂತೆ ಕೇಳಿದ, "ರೇಡಿಯೋ ಅಂದ್ರೆ ಎಂತದ್ರಾ ಸಾಯಬ್ರೆ?" ನನಗೆ ಮೈಯೆಲ್ಲ ಉರಿಯಿತು. ನಾಗೇಶಬಾಬರು ಮೀಸೆಯಡಿಯಲ್ಲೇ ನಗುತ್ತಿದ್ದರು.

ರಾಮನಗುಳಿಯಲ್ಲಿ ಚಹಾಕ್ಕೆ ನಿಂತೆವು. ಅವರಿಬ್ಬರೂ ಹೊರಗಿನ ಬೆಂಚಿನಲ್ಲಿ ಕೂತರು. ನಾನು ಒಳಗೆ ಹೋಗಿ ಅಂಗಡಿಯ ಮುದುಕ ಜಟ್ಟಿಯನ್ನು ಹಿಡಿದೆ. ಅಂಗಡಿಯ ರೇಡಿಯೋ ಇರುತ್ತಿದ್ದ ಮೊಳೆ ಖಾಲಿಯಿತ್ತು.

"ಎಲ್ಲಿ ಹೋಯ್ತು ಜಟ್ಟಿ ರೇಡಿಯೋ?"

"ಮಾಡಿಗೆ ಹಾಕಿಟ್ಟೆ," ಎಂದ ಮೆಲ್ಲಗೆ, ಸೂರಿನತ್ತ ಕಣ್ಣು ಹಾಯಿಸಿ. "ರೇಡಿಯೋ ಬರ್ಕಂಬೂಕೆ ಸರ್ಕಾರದ ಜೀಪು ಬಂದದೆ ಅಂತ ಬೆಳಗ್ಗೇ ಫೋನ್ ಬಂತು. ನೀವ್ ಸಣ್ಣವ್ರು, ನಿಮ್ಗೆ ಗೊತ್ತಿಲ್ಲಾ. ಮುಂಚೆ ರೇಡಿಯೋಕ್ಕೆ ಲೈಸನ್ಸ್ ಇತ್ತು, ವರ್ಷಕ್ಕೊಂದ್ಸಲ ಪೋಸ್ಟಲ್ಲಿ ದುಡ್ಡು ಕಟ್ಬೇಕಾಗಿತ್ತು. ಕಟ್ದೇ ಹೋದ್ರೆ ಹಿಂಗೇ ಒಬ್ರು ಕಾಗದ ಹಿಡ್ಕಂಡು ಬತ್ತಿದ್ರು. ಈಗ ಮತ್ತೆ ಶುರು ಮಾಡ್ತ್ರು ಕಾಣ್ತದೆ."

ಲೈಸನ್ಸು ಹೋಗಿ ನಲವತ್ತು ವರ್ಷವಾಯಿತು. ಆದರೆ ಹಳ್ಳಿಯ ಬುದ್ಧಿವಂತಿಕೆಗೆ ಸಾವಿಲ್ಲ. ಸರ್ಕಾರ ಏನನ್ನೇ ಕೇಳಲಿ, 'ಇಲ್ಲ' ಎಂದುಬಿಡಬೇಕು. ಕೂತ ಕೊಂಬೆಯನ್ನು ಇಷ್ಟು ಜಾಣತನದಿಂದ ಕಡಿದವರನ್ನು ನಾನು ನೋಡಿಲ್ಲ.

ಹೊರಗೆ ಬಂದು ಕಿಶನರಿಗೆ ವಿಷಯ ಹೇಳಿದೆ. "ಇದು ಲೈಸನ್ಸಲ್ಲ ಅಂತ ಒಂದು ಮಾತು ಮೊದಲೇ ಹೇಳಿಬಿಡಿ. ಅಷ್ಟು ಸಾಕು."

"ಅದು ಸುಳಿವು ಆಗ್ತದೆ ಬಾಯಿ."

"ಸುಳ್ಳು ಬರ್ಕೊಳ್ಳೋದಕ್ಕಿಂತ ಸುಳಿವು ವಾಸಿ ಅಲ್ವಾ?"

"ರೂಲ್ಸ್ ಅಂದ್ರೆ ರೂಲ್ಸ್," ಎಂದರು ನಾಗೇಶಬಾಬರು, ಚಹಾ ಊದುತ್ತ. ಅವರ ಚಹಾಕ್ಕೂ ನಾನೇ ದುಡ್ಡು ಕೊಟ್ಟೆ.

ಅಲ್ಲಿಂದ ಒಂದು ಮೈಲಿ ಆಚೆ, ಹೊಳೆಯ ಮಗ್ಗುಲಲ್ಲಿ ಮಾದಿಯ ಮನೆ. ಮುಖ ನೋಡಿರದಿದ್ದರೂ ಮಾದಿ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕಾರ್ಡು ತಪ್ಪಿದ ವಾರವಿಲ್ಲ. ಅಕ್ಷರ ಬಾರದವಳು, ಮೊದಲು ಮಗನ ಕೈಲಿ ಬರೆಸುತ್ತಿದ್ದಳು, ಈಗ ಸೊಸೆ ಬೊಮ್ಮಿಯ ಕೈಲಿ. ನಾವು ಹೋದಾಗ ಅರವತ್ತು ದಾಟಿದ, ಕುತ್ತಿಗೆ ತುಂಬ ಮಣಿಸರ ಹಾಕಿದ ಹೆಂಗಸು ಜಗಲಿಯಲ್ಲಿ ಕೂತಿದ್ದಳು. ಸೊಸೆ ಬಾಗಿಲಲ್ಲಿ. ಮಾದಿಯ ಗಂಡ ಬೊಮ್ಮಯ್ಯ ಭತ್ತದ ಪೆಟ್ಟಿಗೆಯ ಮೇಲೆ ಏರಿ ಕೂತಿದ್ದ. ಹಾಗೆ ಯಾರೂ ಕೂರುವುದಿಲ್ಲ.

"ಮನೆಯಲ್ಲಿ ರೇಡಿಯೋ ಇದೆಯೇ?"

"ಇಲ್ಲಾ ಸಾಯಬ್ರೆ," ಎಂದಳು ಮಾದಿ. "ಬಡವ್ರ ಮನೇಲಿ ಎಲ್ಲಿಂದ ಬರೂಕೆ?"

ಅಷ್ಟರಲ್ಲಿ, ಎಲ್ಲಿಂದಲೋ ಸಣ್ಣಗೆ ಕೇಳುತ್ತಿದ್ದ ಹಾಡು ನಿಂತು, ಬೊಮ್ಮಯ್ಯನ ಕೆಳಗಿನಿಂದ ಒಂದು ಹೆಣ್ಣು ದನಿ ಶುರುವಾಯಿತು. ಬಚ್ಚಿಡುವ ಗಡಿಬಿಡಿಯಲ್ಲಿ ಆರಿಸುವುದನ್ನೇ ಮರೆತಿದ್ದರು. ದನಿ ನನ್ನದೇ, ನಿನ್ನೆ ಮುದ್ರಿಸಿಟ್ಟದ್ದು. 'ಈ ಹಾಡನ್ನು ಮೆಚ್ಚಿದವರು ರಾಮನಗುಳಿ ಹತ್ತಿರದಿಂದ ಮಾದಿ, ಬೊಮ್ಮಯ್ಯ, ಬೊಮ್ಮಿ, ಪುಟ್ಟು...' ತನ್ನ ಹೆಸರು ಬಂದಾಗ ಬೊಮ್ಮಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡಳು. ಮಾದಿ ಮಾತ್ರ ಕದಲಲಿಲ್ಲ.

"ನಿಮ್ಮ ಭತ್ತ ಮಾತಾಡ್ತದಲ್ಲ!" ಎಂದು ನಾಗೇಶಬಾಬರು ಹೊಟ್ಟೆ ಹಿಡಿದು ನಕ್ಕರು.

"ಇದೆಯೋ, ಇಲ್ಲವೋ?" ಕಿಶನ ಮತ್ತೊಮ್ಮೆ ಕೇಳಿದರು.

"ಇಲ್ಲಾ."

ಕಿಶನ 'ಇಲ್ಲ' ಎಂದು ಬರೆಯತೊಡಗಿದರು. ಕಿವಿಯಿಂದ ಕೇಳಿದ್ದನ್ನು ಬರೆಯಲು ಅವರ ಕಾಗದದಲ್ಲಿ ಜಾಗವಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಮಾದಕ್ಕಾ, ಇದು ಲೈಸನ್ಸಿಗಲ್ಲ. ಯಾರೂ ದುಡ್ಡು ಕೇಳೂದಿಲ್ಲ. ಇದೆ ಅಂತ ಹೇಳಿ!"

ಒಂದೇ ದನಿ ಪೆಟ್ಟಿಗೆಯಿಂದಲೂ ಅಂಗಳದಿಂದಲೂ ಬಂದದ್ದಕ್ಕೆ ಅವಳು ಬೆಚ್ಚಿ ಎದ್ದಳು. ನಂತರ ಮುಖವೆಲ್ಲ ಅರಳಿತು. "ವೀಣಕ್ಕೋರಾ? ನಮ್ ವೀಣಕ್ಕೋರಾ?" ಎಂದು ಎರಡೂ ಕೈ ಚಾಚಿ ಅಂಗಳಕ್ಕೆ ಇಳಿದಳು. ನಾನು ಮೂರ್ಖಳು, ನಂಬಿಸುವ ಆತುರದಲ್ಲಿ, ನಿನ್ನೆ ಓದಿ ಚೀಲಕ್ಕೆ ಹಾಕಿಕೊಂಡಿದ್ದ ಅವಳ ಕಾರ್ಡು ತೆಗೆದು ಹಿಡಿದೆ. "ನೋಡಿ, ನಿಮ್ಮದೇ ಕಾರ್ಡು. ಊರು, ಹೆಸರು, ಎಲ್ಲಾ ಇದೆಯಲ್ಲ. ಕೇಳ್ತೇವೆ ಅಂತ ಹೇಳಿ ಸಾಕು."

ಚಾಚಿದ ಕೈ ಅಲ್ಲೇ ನಿಂತಿತು. ಅವಳು ಕಾರ್ಡು ನೋಡಿದಳು, ಕಿಶನರ ಕಾಗದ ನೋಡಿದಳು, ಜೀಪಿನ ಬೋರ್ಡು ನೋಡಿದಳು.

"ನಾವೇ ಬರ್ದ್ ಕೊಟ್ವಲ್ಲಾ," ಎಂದಳು. "ಮನೆ ಹೆಸ್ರು, ಮಕ್ಕಳ ಹೆಸ್ರು. ಅದ್ ನೋಡ್ಕಂಡೇ ಕರ್ಕಂಡ್ ಬಂದ್ರಿ ನೀವು."

"ಇಲ್ಲ ಮಾದಕ್ಕಾ, ದೇವರಾಣೆ..."

ಅವಳು ಕೇಳಿಸಿಕೊಳ್ಳಲಿಲ್ಲ. ಗಂಡನನ್ನು ಎಬ್ಬಿಸಿ ಪೆಟ್ಟಿಗೆ ತೆರೆದು, ರೇಡಿಯೋ ಹೊರಗೆ ತೆಗೆದು, ಅಂಟಿದ ಭತ್ತವನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

"ತಕಂಡೋಗಿ. ದಂಡ ಕಟ್ಟೂಕೆ ನಮ್ಮತ್ರ ಇಲ್ಲಾ. ನಮ್ ಮಾವನ್ ಕಾಲ್ದಲ್ಲೂ ಒಬ್ರು ಹಿಂಗೇ ಬಂದ್ ತಕಂಡೋಗಿದ್ರು. ಅವ್ರು ನಮ್ಗೆ ಗುರ್ತಿನವ್ರಾಗಿರ್ಲಿಲ್ಲಾ."

ಜಗಲಿಯ ಮೇಲೆ ಇಟ್ಟು ಬಂದೆ. ಬೊಮ್ಮಯ್ಯ ಹಿಂದೆಯೇ ಬಂದು ಜೀಪಿನ ಸೀಟಿನ ಮೇಲೆ ಇಟ್ಟು ಹೋದ. ಬೊಮ್ಮಿ ಒಳಗಿನಿಂದ ಬಾಗಿಲು ಹಾಕಿಕೊಂಡಳು. ಇಂಥ ಮಂದಿಯ ಎಮ್ಮೆಯ ಹೆಸರನ್ನೂ ಬಿಡದೆ ಓದಿದವಳು ನಾನು. ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅಳು ಬಂತು.

ಕಿಶನ ಪೆನ್ನು ಹಿಡಿದೇ ಕೂತಿದ್ದರು. "ಬಾಯಿ, ಈಗ ಈ ಮನೆಗೆ ಏನು ಬರೀಲಿ?"

"ಇದ್ದದ್ದು ಬರೀರಿ," ಎಂದರು ನಾಗೇಶಬಾಬರು. "ಮನೇಲಿ ರೇಡಿಯೋ ಇಲ್ಲ."

ಈ ಸಲ ಅದು ಸುಳ್ಳಾಗಿರಲಿಲ್ಲ. ನನ್ನ ತೊಡೆಯ ಮೇಲೆ ನನ್ನದೇ ದನಿ, 'ಪ್ರೀತಿಯ ಕೇಳುಗರೇ, ನಾಳೆ ಇದೇ ಹೊತ್ತಿಗೆ ಮತ್ತೆ ಸಿಗೋಣ' ಎನ್ನುತ್ತಿತ್ತು. ಗುಂಡಿ ಹುಡುಕಿ ಆರಿಸಿದೆ.