ಎಲ್ಲ ಸಾಲಿಗೂ ಒಂದೇ ಹೆಸರು

ತಿಂಗಳ ಎರಡನೇ ಶನಿವಾರ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಮುಕ್ತ ತಂತ್ರಾಂಶ ಬಳಗದವರು ಸೇರುತ್ತಿದ್ದರು. ಒಬ್ಬರು ಬರೆದದ್ದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಬರೆದವರ ಹೆಸರು ಮಾತ್ರ ಅಳಿಸಬಾರದು ಎಂಬುದು ಅವರ ನೇಮ. ಇದನ್ನು ಪ್ರತಿ ಸಲ ಎದೆಯುಬ್ಬಿಸಿ ಹೇಳುತ್ತಿದ್ದವನು ಬಳಗದ ಮುಂದಾಳು, ಅದೇ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ಅವಳ ಸ್ವಂತ ತಮ್ಮ. ಸದಾ ಪೆಂಗ್ವಿನ್ ಚಿತ್ರದ ಟೀಶರ್ಟು ತೊಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಪೆಂಗ್ವಿನ್. ಅವಳು ಎಲ್ಲರಿಗೂ ಅಕ್ಕ. ಆರು ವರ್ಷದಲ್ಲಿ ಒಬ್ಬರೂ ಅವಳ ಹೆಸರು ಕೇಳುವ ಗೋಜಿಗೆ ಹೋಗಿರಲಿಲ್ಲ. ಕುರ್ಚಿ ಜೋಡಿಸುವವಳಿಗೆ ಅಷ್ಟು ಸಾಕಲ್ಲ!

ಕೆಳಗಿನ ಕೌಂಟರಿನಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವುದು ಅವಳ ಕೆಲಸ. ಬಾಗಿಲು ಮುಚ್ಚಿದ್ದ ದಿನಗಳನ್ನೂ ಸೇರಿಸಿ ಓದುಗರಿಗೆ ‘ತಡವಾಗಿದೆ’ ಎಂದು ನೋಟಿಸು ಕಳಿಸುತ್ತಿದ್ದ ಹಳೆಯ ತಂತ್ರಾಂಶದಿಂದ ರೋಸಿಹೋಗಿ, ತಾನೇ ಕಲಿತು ಹೊಸದೊಂದನ್ನು ಬರೆದಿದ್ದಳು. ಈಗ ಒಂಬತ್ತು ಗ್ರಂಥಾಲಯಗಳು ಅದನ್ನೇ ಬಳಸುತ್ತಿದ್ದವು. ಮೊದಲ ದಿನವೇ ತಮ್ಮ ಹೇಳಿದ್ದ: “ಅಕೌಂಟು, ಪಾಸ್‌ವರ್ಡು ಎಲ್ಲ ನಿಂಗ್ಯಾಕಕ್ಕ ತಲೆನೋವು? ಬರ್ದಿದ್ದು ನಂಗೆ ಮೇಲ್ ಮಾಡು, ಬಳಗದ ಖಾತೆಗೆ ನಾನು ಹಾಕ್ತೀನಿ.” ಆರು ವರ್ಷ ಅವಳು ಕಳಿಸಿದಳು, ಅವನು ಹಾಕಿದ.

ಮುಖ್ಯ ಕಚೇರಿಯಲ್ಲಿ ತಂತ್ರಾಂಶ ನೋಡಿಕೊಳ್ಳುವ ಹುದ್ದೆ ಖಾಲಿಯಾದಾಗ ಅರ್ಜಿ ಹಾಕಿದಳು. ಪದವಿ ಇರಲಿಲ್ಲ. “ಪದವಿ ಇಲ್ದಿದ್ರೂ ನಡೆಯುತ್ತೆ. ನೀವೇ ಬರ್ದಿದ್ದು ಅಂತ ಕಣ್ಣಾರೆ ನೋಡ್ಬೇಕು ಅಷ್ಟೇ,” ಎಂದರು ಅಧಿಕಾರಿ ಮೇಡಂ. ಅವಳು ತಮ್ಮನ ಬೆನ್ನು ಬಿದ್ದು ಬಳಗದಲ್ಲಿ ಇಪ್ಪತ್ತು ನಿಮಿಷದ ಭಾಷಣ ಗಿಟ್ಟಿಸಿಕೊಂಡಳು. ಮೇಡಂ ಬಂದು ಮುಂದಿನ ಸಾಲಿನಲ್ಲೇ ಕೂತರು.

ಭಾಷಣ ಚೆನ್ನಾಗಿಯೇ ನಡೆಯಿತು. ಮೊದಲೆರಡು ನಿಮಿಷ ಚೀಟಿ ನೋಡಿಕೊಂಡು, ಆಮೇಲೆ ಅದರ ಹಂಗೂ ಇಲ್ಲದೆ ಮಾತಾಡಿದಳು. ಮೇಡಂ ಬರೆದುಕೊಳ್ಳುತ್ತಿದ್ದರು.

ಕೊನೆಗೆ ಬಳಗದ ವಾಡಿಕೆ. ಪ್ರತಿ ಭಾಷಣ ಮುಗಿದಾಗ, ತಂತ್ರಾಂಶದ ಒಂದೊಂದು ಸಾಲನ್ನೂ ಅದನ್ನು ಬರೆದವರ ಹೆಸರಿನ ಜೊತೆ ಪರದೆಯ ಮೇಲೆ ತೋರಿಸಬೇಕು; ಎಲ್ಲರೂ ಚಪ್ಪಾಳೆ ತಟ್ಟಬೇಕು. ಬೇರೆಯವರ ಹೆಸರಿಗೆ ಆರು ವರ್ಷ ಚಪ್ಪಾಳೆ ತಟ್ಟಿದ್ದಳು. ಮನೆಯ ಪ್ರತಿಯಲ್ಲಿ ಹೆಸರುಗಳ ದಾಖಲೆ ಇರಲಿಲ್ಲ, ಅದು ಬಳಗದ ಖಾತೆಯಲ್ಲಿತ್ತು. ಅದನ್ನು ತೆರೆದು ಗುಂಡಿ ಒತ್ತಿದಳು.

ಪೆಂಗ್ವಿನ್. ಪೆಂಗ್ವಿನ್. ಪೆಂಗ್ವಿನ್. ಕೆಳಗೆ ಎಳೆದಳು, ಇನ್ನೂ ಎಳೆದಳು. ನಾಲ್ಕು ಸಾವಿರ ಸಾಲಿನಲ್ಲಿ ಅವಳದೊಂದೂ ಇರಲಿಲ್ಲ.

ಹಿಂದಿನಿಂದ ತಮ್ಮ ಕೂಗಿದ: “ಐಡಿಯಾ ಎಲ್ಲ ಅಕ್ಕಂದೇ! ತುಂಬ ಹೆಲ್ಪ್ ಮಾಡಿದಾಳೆ!” ಜೋರು ಚಪ್ಪಾಳೆ ಬಿತ್ತು.

“ಇದನ್ನ ಬರ್ದಿದ್ದು ನಾನು. ಮೇಲ್ ಇದೆ, ತೋರಿಸ್ತೀನಿ,” ಎಂದಳು. ಯಾರೋ ಕಿಸಕ್ಕೆಂದರು. ಮೇಡಂ ಚೀಲ ಹೆಗಲಿಗೇರಿಸಿದರು. “ಹೆಸರು ಅಳಿಸಬಾರ್ದು ಅಂತ ತಾನೆ ನಿಮ್ಮ ನೇಮ? ಇಲ್ಲಿರೋ ಹೆಸರನ್ನೇ ನಾನು ನಂಬಬೇಕಮ್ಮ.” ಹೋಗುವಾಗ ತಮ್ಮನ ಫೋನ್ ನಂಬರು ಬರೆದುಕೊಂಡರು.

“ಅಯ್ಯೋ ಅಕ್ಕ, ನಾನು ಹಾಕಿದ್ರೆ ನನ್ನ ಹೆಸರೇ ಬೀಳುತ್ತೆ. ಬದಲಾಯಿಸೋದು ಮರ್ತೆ,” ಎಂದ ತಮ್ಮ, ಕುರ್ಚಿ ಮಡಚುತ್ತಿದ್ದ ಅವಳ ಪಕ್ಕ ನಿಂತು. “ಮನೆಯವರಲ್ಲಿ ನಿಂದು ನಂದು ಅಂತ ಏನಿದೆ?”

“ಆರು ವರ್ಷ ಮರ್ತೆಯೇನೋ?”

ಅವನು ಫೋನ್ ನೋಡುತ್ತ ನಿಂತ. ಹುದ್ದೆ ಅವನಿಗೇ ಸಿಕ್ಕಿತು. ಬೇಡ ಎನ್ನಲಿಲ್ಲ.

ಎರಡು ತಿಂಗಳಾದ ಮೇಲೆ ಕೌಂಟರಿಗೆ ಅವನ ಫೋನ್ ಬಂತು. “ಅಕ್ಕ, ವರ್ಷ ಬದಲಾಗಿದ್ದೇ ರಜಾ ಲೆಕ್ಕ ತಪ್ತಾ ಇದೆ. ಒಂಬತ್ತೂ ಕಡೆ ಸುಮ್‌ಸುಮ್ನೆ ನೋಟಿಸು ಹೋಗ್ತಿದೆ. ಬೇಗ ಸರಿ ಮಾಡಿ ಕಳ್ಸು.”

ತಪ್ಪು ಯಾವ ಸಾಲಿನಲ್ಲಿದೆಯೆಂದು ಅವಳಿಗೆ ಕೇಳಿದ ಕೂಡಲೇ ಹೊಳೆಯಿತು; ಪ್ರತಿ ಹೊಸ ವರ್ಷಕ್ಕೂ ಅದನ್ನು ತಿದ್ದಿ ಕಳಿಸುತ್ತಿದ್ದವಳು ಅವಳೇ. “ಆ ಸಾಲಿನ ಪಕ್ಕ ಯಾರ ಹೆಸರಿದೆ ನೋಡು.”

“…ನಂದು.”

“ಹಾಗಾದ್ರೆ ಅವನನ್ನೇ ಕೇಳು,” ಎಂದು ಫೋನ್ ಇಟ್ಟಳು.

ಎದುರಿಗೆ ವಯಸ್ಸಾದ ಓದುಗರೊಬ್ಬರು ನೋಟಿಸು ಹಿಡಿದು ನಿಂತಿದ್ದರು. “ನಾನು ಯಾವತ್ತೂ ತಡ ಮಾಡಿದೋನಲ್ಲ. ಯಾರಮ್ಮ ಇದನ್ನ ಬರ್ದಿದ್ದು, ಬುದ್ಧಿ ಇಲ್ದೋರು?”

“ನಾನೇ,” ಎಂದಳು.

ಅವರು ತಕ್ಷಣ ನಂಬಿದರು.