ಪಿಕುನ್ ಹೆಸರಿನ ದೀಪ

"ದೊಡ್ಡಮ್ಮ, ಈ ನಕಾಶೆಯಲ್ಲಿ ಗೆರೆಗಳೇ ಇಲ್ವಲ್ಲ. ಬರೀ ಚುಕ್ಕಿ ಕೊಟ್ಟಿದ್ದಾರೆ."

ಗುಲಾಬಿ ಜಾಕೀಟಿನ ಹುಡುಗಿ ಚಾಪೆಯ ಮೇಲೆ ಮಂಡಿಯೂರಿ ಕುಳಿತು ಆಕಾಶದ ನಕಾಶೆಯ ಮೇಲೆ ಟಾರ್ಚು ಆಡಿಸುತ್ತಿದ್ದಳು. ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿತ್ತು. ಕತ್ತಲಿಗೆ ಪಳಗಿದ ಕಣ್ಣನ್ನು ಕೆಂಪು ಬೆಳಕು ಕೆಡಿಸುವುದಿಲ್ಲವೆಂದು ಬಂದವರಿಗೆಲ್ಲ ಅಂಥದೇ ಒಂದೊಂದು ಹಂಚಿದ್ದರು. ಅವರಿಗೆ ಚುಕ್ಕಿ ತೋರಿಸಿಕೊಡುವ ಬುವಾಲೈ ಬಗ್ಗಿ ನೋಡಿ ನಕ್ಕಳು. ಗೆರೆಗಳು ಇದ್ದವು, ಕೆಂಪು ಶಾಯಿಯಲ್ಲಿ. ಕೆಂಪು ಬೆಳಕು ಬಿದ್ದಾಗ ಬಿಳಿ ಕಾಗದವೂ ಕೆಂಪು, ಕೆಂಪು ಗೆರೆಯೂ ಕೆಂಪು, ಎರಡೂ ಕಲೆತು ಗೆರೆ ಮಾಯ. ನಕಾಶೆ ಅಚ್ಚು ಹಾಕಿಸಿದ ಪಟ್ಟಣದ ಜಾಣರಿಗೆ ಇಷ್ಟು ಹೊಳೆದಿರಲಿಲ್ಲ.

"ಅದನ್ನ ಮಡಚಿ ಜೇಬಲ್ಲಿಡು ಮಗಳೇ," ಎಂದಳು. "ನಮ್ಮಪ್ಪ ಎಮ್ಮೆ ಕಾಯೋಕೆ ಹೋಗೋವಾಗ ನಕಾಶೆ ಇಟ್ಕೊಂಡು ಹೋಗ್ತಿರಲಿಲ್ಲ."

ಪಾಂಗ್‌ಲಾವ್ ವಿಹಾರದ ಹಿಂದಿನ ಬಯಲಿನಲ್ಲಿ ಹದಿನಾಲ್ಕು ಮಂದಿ ಹೊಸಬರು ಚಾಪೆ ಹಾಸಿಕೊಂಡು ಆಕಾಶದ ಕಡೆ ಮುಖ ಮಾಡಿದ್ದರು. ಹೊಸ ವರ್ಷದ ನೀರಾಟಕ್ಕೆ ಇನ್ನು ಮೂರು ದಿನ. ಹೊಲ ಸುಡುವ ಹೊಗೆ ಒಂದು ತಿಂಗಳಿಂದ ಬೆಟ್ಟಗಳನ್ನೇ ನುಂಗಿತ್ತು. ಮೊನ್ನೆ ಬಿದ್ದ ಮಳೆ ಅದನ್ನೆಲ್ಲ ತೊಳೆದು, ಇನ್ನೂ ಎಂಟು ಗಂಟೆಯಾಗದಿದ್ದರೂ ಚುಕ್ಕಿಗಳು ಒತ್ತೊತ್ತಾಗಿ ಮೂಡಿದ್ದವು. ಹೊಸಬರನ್ನು ಕರೆತಂದವರು ನಿತಿ ಮೇಷ್ಟ್ರು. ಕತ್ತಲು ಉಳಿಸಿಕೊಂಡ ಊರುಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಯೊಂದಿತ್ತು, ಅದರ ಪರವಾಗಿ ಊರೂರು ಅಲೆಯುವ ಒಳ್ಳೆಯ ಮನುಷ್ಯ. ಅವರ ಕೈಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದಿತ್ತು. ಅದನ್ನು ಮೇಲಕ್ಕೆ ಹಿಡಿದರೆ ಕತ್ತಲು ಎಷ್ಟು ಎಂದು ಅಂಕಿಯಲ್ಲಿ ಹೇಳುತ್ತಿತ್ತು. ಇಪ್ಪತ್ತೊಂದು ದಾಟಬೇಕು. ಎರಡು ಸಲ ಹಿಡಿದರು, ಎರಡು ಸಲವೂ ದಾಟಲಿಲ್ಲ. ಮೇಷ್ಟ್ರು ಕೆಳಗಿನ ರಸ್ತೆಯ ಕಡೆ ನೋಡಿದರು.

ಕೆಳಗೆ, ರಸ್ತೆ ಬೆಟ್ಟವನ್ನು ಬಳಸಿ ಸರಕ್ಕನೆ ತಿರುಗುವಲ್ಲಿ, ಒಂದೇ ಒಂದು ದೀಪ ಉರಿಯುತ್ತಿತ್ತು.

ಆ ತಿರುವಿಗೆ ದೀಪ ಬೇಕೆಂದು ಊರವರು ಆರು ವರ್ಷ ಅರ್ಜಿ ಕೊಟ್ಟಿದ್ದರು. ಅಧಿಕಾರಿಗಳು ಬಂದು ಸರ್ವೇ ಮಾಡಿದರು, ಫೋಟೋ ತೆಗೆದರು, ಮುಂದಿನ ವರ್ಷ ಎಂದರು. ಮೂರು ವರ್ಷದ ಹಿಂದೆ, ಕೆಳಗಿನ ಪೇಟೆಯ ದರ್ಜಿ ಅಂಗಡಿಯಿಂದ ಕೆಲಸ ಮುಗಿಸಿ ಮೋಟರ್‌ಸೈಕಲ್ಲಿನಲ್ಲಿ ಬರುತ್ತಿದ್ದ ಬುವಾಲೈಯ ಮಗಳು ಪಿಕುನ್, ಅಲ್ಲಿ ಕೆಟ್ಟು ನಿಂತಿದ್ದ ಎಲೆಕೋಸಿನ ಗಾಡಿಯ ಹಿಂಬದಿಗೆ ಹೋಗಿ ಬಡಿದಳು. ಹದಿನೇಳು ತುಂಬಿತ್ತು. ಇನ್ನೂ ಏಳು ಗಂಟೆಯೂ ಆಗಿರಲಿಲ್ಲ, ಒಲೆಯ ಮೇಲೆ ಅನ್ನ ಬೇಯುತ್ತಿತ್ತು.

ಸತ್ತವರ ಹೆಸರಿನಲ್ಲಿ ವಿಹಾರಕ್ಕೆ ಏನಾದರೂ ಕೊಡುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಕುರ್ಚಿ ಕೊಡುತ್ತಾರೆ, ಫ್ಯಾನು ಕೊಡುತ್ತಾರೆ, ಅದರ ಮೇಲೆ ದೊಡ್ಡದಾಗಿ ಹೆಸರು ಬರೆಸುತ್ತಾರೆ. ಬುವಾಲೈಗೂ ಕಲ್ಲುಬೆಂಚು ಮಾಡಿಸು ಎಂದು ನೆಂಟರು ಹೇಳಿದರು. ಅವಳು ಕೇಳಲಿಲ್ಲ, ತಿರುವಿನಲ್ಲಿ ಕಂಬ ನೆಡಿಸಿದಳು. ಬಿಳಿ ಬಣ್ಣ ಬಳಿಸಿ, ಅದರ ಮೇಲೆ ಕೆಂಪು ಅಕ್ಷರದಲ್ಲಿ 'ಪಿಕುನ್‌ಳ ಪುಣ್ಯಕ್ಕೆ' ಎಂದು ಬರೆಸಿದಳು. ಹಿರಿಯ ಭಿಕ್ಷುಗಳು ಬಂದು ಮಂತ್ರ ಹೇಳಿದರು, ಅವಳು ಕಂಬದ ಬುಡಕ್ಕೆ ನೀರೆರೆದು ಪುಣ್ಯವನ್ನು ಮಗಳಿಗೆ ದಾಟಿಸಿದಳು. ಈ ದೀಪ ಉರಿಯುವಷ್ಟು ದಿನ ಆ ಮಗುವಿನ ದಾರಿಯಲ್ಲಿ ಬೆಳಕಿರುತ್ತದೆ ಎಂದರು ಭಿಕ್ಷುಗಳು. ದೀಪ ಕೊಟ್ಟವರಿಗೆಲ್ಲ ಅವರು ಹೇಳುವ ಮಾತೇ ಅದು. ಆದರೆ ಮಗಳನ್ನು ಕಳೆದುಕೊಂಡವಳು ಅದನ್ನು ಬಿಗಿಯಾಗಿ ಹಿಡಿದುಕೊಂಡಳು. ದಿನಾ ಸಂಜೆ ತಾನೇ ಇಳಿದು ಹೋಗಿ ಸ್ವಿಚ್ಚು ಹಾಕುತ್ತಿದ್ದಳು, ಜ್ವರ ಬಂದ ದಿನವೂ ಬಿಟ್ಟವಳಲ್ಲ.

ಆಮೇಲೆ ಊರಿಗೆ ಚುಕ್ಕಿ ನೋಡುವವರು ಬರತೊಡಗಿದರು. ಎಲೆಕೋಸಿಗೆ ಬೆಲೆಯಿಲ್ಲದೆ ಕೈಚೆಲ್ಲಿ ಕುಳಿತಿದ್ದ ಮನೆಗಳು ಹೊಸ ಹಾಸಿಗೆ ತಂದು ಅತಿಥಿಗಳನ್ನು ಇಟ್ಟುಕೊಂಡವು. ಅವರಿಗೆ ಆಕಾಶ ತೋರಿಸಲು ಯಾರಾದರೂ ಬೇಕಾಯಿತು. ಚುಕ್ಕಿ ನೋಡಿ ಹೊತ್ತು ಹೇಳುವುದನ್ನು ಅಪ್ಪನಿಂದ ಕಲಿತಿದ್ದವಳು ಊರಲ್ಲಿ ಬುವಾಲೈ ಒಬ್ಬಳೇ. ಅವಳಿಗೂ ಆ ಕೆಲಸ ಹಿಡಿಸಿತ್ತು. ಅಪ್ಪನನ್ನು ಎಮ್ಮೆ ಕಾಯುವ ಪೆದ್ದ ಎಂದು ಆಡಿಕೊಂಡಿದ್ದ ಊರು ಈಗ ಅಪ್ಪನ ವಿದ್ಯೆಯಿಂದ ಬದುಕುವುದು ನೋಡಿ ಒಳಗೊಳಗೇ ಹಿಗ್ಗಿದ್ದಳು. ಆ ಹಿಗ್ಗಿಗೆ ತನ್ನನ್ನೇ ತಾನು ಶಪಿಸಿಕೊಳ್ಳುವ ದಿನ ಬರುತ್ತದೆಂದು ಗೊತ್ತಿರಲಿಲ್ಲ.

ಪ್ರಮಾಣಪತ್ರದ ಮಾತು ಬಂದಾಗ ಊರ ಮುಖಂಡ ತಾವೊನ್ ದೀಪದ ವಿಷಯ ಎತ್ತಿದ. ಬುವಾಲೈ ಹಟ ಮಾಡಲಿಲ್ಲ. ಬೆಳಕು ಮೇಲೆ ಚೆಲ್ಲದ ಹಾಗೆ ತಗಡಿನ ಟೋಪಿ ಮಾಡಿಸಿ ತೊಡಿಸಿದಳು. ಸಾಲದು ಎಂದರು, ಬಲ್ಬು ಸಣ್ಣದು ಮಾಡಿದಳು. ಇವತ್ತು ಮಧ್ಯಾಹ್ನ ಅವನು ಮತ್ತೆ ಅವಳ ಜಗಲಿಗೆ ಬಂದು ಕುಳಿತ. ಮೇಷ್ಟ್ರು ಅಳೆಯುವ ಒಂದು ಗಂಟೆ ಮಾತ್ರ ಆರಿಸಿದರೆ ಸಾಕು ಎಂದ.

"ಪಿಕುನ್ ಜೀವ ಹೋಗೋಕೆ ಒಂದು ಗಂಟೆ ಬೇಕಾಯ್ತಾ ಅಣ್ಣ?" ಎಂದಿದ್ದಳು ಬುವಾಲೈ.

ತಾವೊನ್ ನಕ್ಕು, ಅವಳು ಕೊಟ್ಟ ಚಹಾ ಕುಡಿದು, ಬಿಸಿಲು ಜೋರು ಎಂದು ಹೇಳಿ ಎದ್ದು ಹೋಗಿದ್ದ. ನಮ್ಮಲ್ಲಿ 'ಆಗುವುದಿಲ್ಲ' ಎಂದು ಮುಖಕ್ಕೆ ಹೇಳುವವರು ಕಡಿಮೆ, ನಕ್ಕು ಎದ್ದು ಹೋಗುತ್ತಾರೆ. ನಲವತ್ತೆಂಟು ವರ್ಷ ಈ ಊರಲ್ಲೇ ಬಾಳಿದವಳಿಗೆ ಅದು ತಿಳಿಯದ್ದೇನಲ್ಲ. ಆದರೂ ಅವನು ಒಪ್ಪಿಕೊಂಡನೆಂದೇ ತಿಳಿದು, ಸಂಜೆ ದೀಪ ಹಾಕಿ ಬಂದಿದ್ದಳು.

ಬಯಲಿನಲ್ಲಿ ಈಗ ಎಲ್ಲರೂ ಅವಳ ಮಾತಿಗೆ ಕಾಯುತ್ತಿದ್ದರು. ಬುವಾಲೈ ಈಶಾನ್ಯಕ್ಕೆ ಕೈಚಾಚಿದಳು.

"ಮೊದಲು ಮೊಸಳೆ ಹುಡುಕಿ. ನಾಲ್ಕು ಚುಕ್ಕಿ ಮೈ, ಮೂರು ಚುಕ್ಕಿ ಬಾಲ. ಸಿಕ್ತಾ?"

ನಕಾಶೆಯಲ್ಲಿ ಕರಡಿ ಅಂತಿದೆ ಎಂದಿತು ಯಾವುದೋ ಗಂಡಸಿನ ದನಿ. ಕರಡಿಗೆ ಅಷ್ಟುದ್ದ ಬಾಲ ಎಲ್ಲಿ ನೋಡಿದ್ದೀರಿ ಎಂದು ಕೇಳಿದಳು ಬುವಾಲೈ. ಎಲ್ಲರೂ ನಕ್ಕರು. ಮೊಸಳೆ ಅಡ್ಡಬಿದ್ದಿದ್ದರೆ ಎಷ್ಟು ಹೊತ್ತು, ತಲೆಕೆಳಗಾದರೆ ಎಷ್ಟು ಹೊತ್ತು ಎಂದು ಹೇಳಿದಳು. ನೆತ್ತಿಯ ಹತ್ತಿರ ಸಿಂಹದ ಎದೆಯ ಚುಕ್ಕಿ ತೋರಿಸಿದಳು. ನಂತರ ಅವಳಿಗೆ ಎಲ್ಲಕ್ಕಿಂತ ಪ್ರೀತಿಯ ಪಾಠಕ್ಕೆ ಬಂದಳು. ಮೊಸಳೆಯ ಬಾಲ ಬಾಗಿದ ಕಡೆಗೇ ಕಣ್ಣು ಜಾರಿಸುತ್ತ ಕೆಳಗೆ ಬಂದರೆ ಪೂರ್ವದಲ್ಲಿ ಕಿತ್ತಳೆ ಬಣ್ಣದ ಚುಕ್ಕಿ ಸಿಗುತ್ತದೆ, ಅದು ಹರಳು. ಅದೇ ಬಾಗನ್ನು ಬಿಡದೆ ಇನ್ನಷ್ಟು ಜಾರಿದರೆ ಬೆಳ್ಳಗಿನ ಚುಕ್ಕಿ, ಭತ್ತದ ತೆನೆ. ಈ ಪಾಠವನ್ನು ಅವಳು ಪಿಕುನ್‌ಗೆ ಐದು ವರ್ಷವಿದ್ದಾಗ, ಅವಳ ಪುಟ್ಟ ಬೆರಳು ಹಿಡಿದು, ಆಕಾಶದಲ್ಲಿ ಗೆರೆ ಎಳೆಸಿ ಕಲಿಸಿದ್ದಳು.

"ಬಾಲದಿಂದ ನಿಧಾನಕ್ಕೆ ಕೆಳಗೆ ಬನ್ನಿ," ಎನ್ನುತ್ತಿದ್ದಳು. ಅವಳ ಕೈ ಹರಳಿನವರೆಗೆ ಬಂದಿತ್ತು. ಆಗ ಕೆಳಗಿನ ದೀಪ ಆರಿತು.

ಬಯಲಿನಲ್ಲಿ ಒಂದು ಉದ್ಗಾರ ಹೊರಟಿತು. ಯಾರೋ ಚಪ್ಪಾಳೆ ತಟ್ಟಿದರು. ಅದಕ್ಕೆ ಇನ್ನೊಬ್ಬರು, ಮತ್ತೊಬ್ಬರು ಸೇರಿ ಹದಿನಾಲ್ಕು ಜನವೂ ತಟ್ಟಿದರು. ಬುವಾಲೈಯ ಕೈ ಚಾಚಿದಂತೆಯೇ ನಿಂತಿತ್ತು.

"ತೆನೆ ಎಲ್ಲಿ ದೊಡ್ಡಮ್ಮ?" ಎಂದು ಗುಲಾಬಿ ಜಾಕೀಟಿನ ಹುಡುಗಿ ಕೇಳಿದಳು. "ಈಗ ಎಷ್ಟೊಂದು ಕಾಣ್ತಿದಾವೆ, ಗೊತ್ತೇ ಆಗ್ತಿಲ್ಲ."

ಬುವಾಲೈ ತೆನೆ ತೋರಿಸಿದಳು. ಅಷ್ಟು ದೂರದಿಂದ ಬಂದ ಮಕ್ಕಳು, ಅವರದೇನು ತಪ್ಪು ಎಂದುಕೊಂಡು ಪಾಠ ಮುಗಿಸಿದಳು. ಫ್ಯೂಸು ಹೋಗಿರಬಹುದು, ಬಲ್ಬು ಸುಟ್ಟಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಲೇ ಇದ್ದಳು.

ಮೇಷ್ಟ್ರು ಯಂತ್ರ ಹಿಡಿದು ನೋಡಿ ಸಂತೋಷದಿಂದ ಅವಳ ಬಳಿ ಬಂದರು. ಇಪ್ಪತ್ತೊಂದು ದಾಟಿದೆ, ಮಳೆಗಾಲ ಮುಗಿಯುವುದರೊಳಗೆ ಪ್ರಮಾಣಪತ್ರ ಬರುತ್ತದೆ ಎಂದರು.

"ನಿಮ್ಮೂರವರದ್ದು ದೊಡ್ಡ ಮನಸ್ಸು. ಬೇರೆ ಕಡೆ ಒಂದು ದೀಪ ತೆಗೆಸೋಕೆ ವರ್ಷಗಟ್ಟಲೆ ಜಗಳ. ಇಲ್ಲಿ ಎಲ್ಲರೂ ಸಹಿ ಹಾಕಿ ಕೊಟ್ಟುಬಿಟ್ರಿ."

"ಯಾವ ಸಹಿ ಮೇಷ್ಟ್ರೇ?"

ಅವರು ಫೋನು ತೆಗೆದು ಒಂದು ಹಾಳೆಯ ಫೋಟೋ ತೋರಿಸಿದರು. ತಿರುವಿನ ಕಂಬವನ್ನು ಶಾಶ್ವತವಾಗಿ ತೆಗೆಯಲು ಊರವರೆಲ್ಲರ ಒಪ್ಪಿಗೆಯಿದೆ ಎಂದು ಮೇಲೆ ನಾಲ್ಕು ಸಾಲು, ಕೆಳಗೆ ನಲವತ್ತೊಂದು ಸಹಿ. ಏಳನೆಯದು ಅವಳದೇ, ಓರೆಯಾದ ಅಕ್ಷರ. ಕಳೆದ ತಿಂಗಳು ವಿಹಾರದಲ್ಲಿ ನಡೆದ ಸಭೆಯಲ್ಲಿ ಊಟದ ಪೊಟ್ಟಣ ಹಂಚುವಾಗ ಹಾಜರಿ ಎಂದು ಒಂದು ಹಾಳೆ ಕೈಯಿಂದ ಕೈಗೆ ಬಂದಿತ್ತು. ಮೇಲಿನ ಭಾಗ ಮಡಚಿತ್ತು. ಸಹಿ ಹಾಕಿ, ಪೊಟ್ಟಣ ತೆಗೆದುಕೊಂಡು, ಪಕ್ಕದವಳಿಗೆ ದಾಟಿಸಿದ್ದಳು. ಮೇಷ್ಟ್ರಿಗೆ ಫೋನು ಹಿಂದಕ್ಕೆ ಕೊಟ್ಟಳು.

ತಾವೊನ್ ಅಷ್ಟರಲ್ಲಿ ಬಿದಿರ ಕೊಳವೆಯಲ್ಲಿ ಬೇಯಿಸಿದ ಅಂಟಕ್ಕಿಯ ಬುಟ್ಟಿ ಹೊತ್ತು ಅತಿಥಿಗಳ ನಡುವೆ ಹಂಚುತ್ತ ಬಂದ. ಅವಳನ್ನು ಕಂಡು ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿದ.

"ಆ ಸಹಿ ಹಾಜರಿಗೆ ಅಂದಿದ್ರಿ ಅಣ್ಣ," ಎಂದಳು ಬುವಾಲೈ.

"ಎಲ್ಲರ ಮನೆ ಒಲೆ ಉರೀಬೇಕಲ್ಲ ಬುವಾಲೈ. ನಿಂದೂ ಸೇರಿ. ನಮ್ಮ ಹತ್ರ ಮಾರೋಕೆ ಇನ್ನೇನು ಉಳಿದಿದೆ, ಈ ಕತ್ತಲೆ ಒಂದೇ." ಬುಟ್ಟಿ ಕೆಳಗಿಟ್ಟು ಹೇಳಿದ, "ಆ ಹುಡುಗಿ ಹೆಸರಲ್ಲಿ ವಿಹಾರದ ಒಳಗಡೆ ದೀಪ ಹಾಕ್ಸೋಣ. ಇನ್ನೂ ದೊಡ್ಡದು."

"ಅವಳು ವಿಹಾರದಲ್ಲಿ ಸಾಯಲಿಲ್ಲ."

ತಾವೊನ್ ನಕ್ಕ. ಕತ್ತಲಲ್ಲೂ ಅವನು ನಕ್ಕಿದ್ದು ಅವಳಿಗೆ ತಿಳಿಯಿತು. ಅವನನ್ನು ಹೊಡೆಯಬೇಕು ಅನ್ನಿಸಿತು. ಸುತ್ತ ಕುಳಿತವರು ಬಿದಿರು ಸುಲಿದು ಅಂಟಕ್ಕಿ ತಿನ್ನುತ್ತ ಚೆನ್ನಾಗಿದೆ ಎನ್ನುತ್ತಿದ್ದರು.

ಅವಳು ತನ್ನ ಕೆಂಪು ಟಾರ್ಚು ಹಿಡಿದು ಮೆಟ್ಟಿಲಿಳಿದು ತಿರುವಿಗೆ ಹೋದಳು. ಕಂಬದ ಸ್ವಿಚ್ಚು ಹಾಕಿದಂತೆಯೇ ಇತ್ತು, ಪೆಟ್ಟಿಗೆಯ ಬಾಗಿಲು ತೆರೆದಿತ್ತು, ಒಳಗೆ ಫ್ಯೂಸು ಇರಲಿಲ್ಲ. ಸುತ್ತಮುತ್ತ ಹುಲ್ಲಿನಲ್ಲಿ ಹುಡುಕಿದಳು. ಅದು ತಾವೊನನ ಜೇಬಿನಲ್ಲಿ ಇರುತ್ತದೆಂದು ಗೊತ್ತಿದ್ದೂ ಹುಡುಕಿದಳು. ಆಮೇಲೆ ಎದ್ದು ಟಾರ್ಚನ್ನು ಕಂಬದ ಮೇಲೆ ಬಿಟ್ಟಳು. ಕಂಬ ಬುಡದಿಂದ ಮೇಲಿನವರೆಗೆ ಕೆಂಪಗೆ, ಬೋಳಾಗಿ ನಿಂತಿತ್ತು. ಮಗಳ ಹೆಸರು ಇರಲಿಲ್ಲ. ಹತ್ತಿರ ಹೋದಳು, ಟಾರ್ಚು ತಾಗಿಸಿ ನೋಡಿದಳು, ಒಂದಕ್ಷರವೂ ಕಾಣಲಿಲ್ಲ. ನಕಾಶೆಯ ಗೆರೆಗೆ ತಾನು ನಕ್ಕಿದ್ದು ನೆನಪಾಯಿತು.

ಕೆಳಗಿನ ಪೇಟೆಯ ಕಡೆಯಿಂದ ಮೋಟರ್‌ಸೈಕಲ್ಲೊಂದು ಏರು ಹತ್ತುವ ಸದ್ದು ಕೇಳಿಸಿತು. ಬುವಾಲೈ ರಸ್ತೆಯ ಅಂಚಿಗೆ ಬಂದು ಟಾರ್ಚನ್ನು ತಲೆಯ ಮೇಲೆ ಎತ್ತಿ ಹಿಡಿದು ಆಡಿಸಿದಳು. ಗಾಡಿ ತಿರುವಿನಲ್ಲಿ ನಿಧಾನವಾಯಿತು. ಅದರ ದೀಪದ ಬಿಳಿ ಬೆಳಕು ಬಂಡೆಯ ಮೇಲೆ ಸರಿದು, ಅವಳ ಮುಖದ ಮೇಲೆ ಹಾದು, ಕಂಬಕ್ಕೆ ಬಿತ್ತು. ಪಿಕುನ್‌ಳ ಪುಣ್ಯಕ್ಕೆ, ಎಂದಿತ್ತು.

"ದೀಪ ಆರಿಸ್ರೀ," ಎಂದು ಮೇಲಿನ ಬಯಲಿನಿಂದ ಯಾರೋ ಕೂಗಿದರು. ಇನ್ನೂ ಇಬ್ಬರು ಮೂವರು ದನಿಗೂಡಿಸಿದರು.

ಗಾಡಿ ದಾಟಿಹೋಯಿತು. ಬುವಾಲೈ ಟಾರ್ಚು ಆರಿಸಿ ಕಂಬದ ಬಳಿ ಹೋಗಿ, ಬಣ್ಣ ದಪ್ಪಗಿದ್ದ ಕಡೆ ಬೆರಳಿಟ್ಟು, ಮೊದಲ ಅಕ್ಷರದಿಂದ ನಿಧಾನವಾಗಿ ಗೆರೆ ಹಿಡಿದು ಹೋದಳು.